ಮೊಮ್ಮಗನಿಗೆ ಅಜ್ಜನ ಹೆಸರು: ಕನ್ನಡದ ಹಳೆಯ ವ್ಯಕ್ತಿನಾಮಗಳು ಮರಳುವ ಬಗೆ

ಕವಿ ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಚಾವುಂಡರಾಯನೂ ದಾನಚಿಂತಾಮಣಿ ಅತ್ತಿಮಬ್ಬೆಯೂ ಅವನಿಗೆ ಆಶ್ರಯ ಕೊಟ್ಟವರು. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದವನು ಆ ಋಣವನ್ನು ತೊಟ್ಟಿಲಲ್ಲೇ ತೀರಿಸಿದ. ಸಾವಿರ ವರ್ಷದ ಮೇಲೆ ಇಂದು ಅತ್ತಿಮಬ್ಬೆಯ ಹೆಸರಿನಲ್ಲಿ ಸರ್ಕಾರದ ಪ್ರಶಸ್ತಿ ಇದೆ. ಆ ಹೆಸರನ್ನು ಮಗಳಿಗಿಟ್ಟವರನ್ನು ಮಾತ್ರ ನಾನು ಕಂಡಿಲ್ಲ. ಗೌರವ ಉಳಿದು ಬಳಕೆ ಹೋದ ಇಂಥ ಹೆಸರುಗಳು ಕನ್ನಡದಲ್ಲಿ ರಾಶಿ ರಾಶಿಯಾಗಿವೆ. ಅವುಗಳಲ್ಲಿ ಯಾವುವು ಮರಳಿ ಬಂದಾವು, ಯಾವುವು ಬರಲಾರವು, ಏಕೆ ಎಂಬುದನ್ನು ಈ ಲೇಖನದಲ್ಲಿ ನೋಡಲು ಹೊರಟಿದ್ದೇನೆ.

ಪಶ್ಚಿಮದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದ ಹುಟ್ಟಿದ ಮಕ್ಕಳ ಹೆಸರುಗಳ ಎಣಿಕೆಯನ್ನು ವರ್ಷವಾರು ಪ್ರಕಟಿಸಿದೆ. ಎಮ್ಮಾ ಎಂಬ ಹೆಸರು 1880ರಲ್ಲಿ ಹುಡುಗಿಯರ ಪಟ್ಟಿಯಲ್ಲಿ ಮೂರನೆಯದು. 1970ರ ದಶಕದಲ್ಲಿ ನಾನೂರರ ಆಚೆಗೆ ಜಾರಿತು. 2014ರಿಂದ 2018ರವರೆಗೆ ಮೊದಲ ಸ್ಥಾನದಲ್ಲಿ ಕೂತಿತು. ಅಮ್ಮನ ಕಾಲದ ಹೆಸರು ಸಪ್ಪೆ, ಅಜ್ಜಿಯ ಕಾಲದ್ದು ಮುದಿ, ಮುತ್ತಜ್ಜಿಯ ಕಾಲದ್ದು ಚೆಂದ ಎಂದು ಅಲ್ಲಿನವರು ಹೇಳುವುದಕ್ಕೆ ಅಂಕಿಗಳ ಆಸರೆ ಇದೆ. ಸ್ಟ್ಯಾನ್ಲಿ ಲೀಬರ್‌ಸನ್ ಎಂಬ ಸಮಾಜಶಾಸ್ತ್ರಜ್ಞ 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊರಗಿನ ಯಾವ ಒತ್ತಡವೂ ಇಲ್ಲದೆ ಅಭಿರುಚಿ ತನ್ನಷ್ಟಕ್ಕೆ ತಾನೇ ಹೇಗೆ ಹೊರಳುತ್ತದೆ ಎಂಬುದನ್ನು ಇಂಥ ಅಂಕಿಗಳಿಂದಲೇ ತೋರಿಸಿದ.

ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಇರುವುದು ಶಾಸನ, ಕಾವ್ಯ, ಕಾದಂಬರಿ, ಮತದಾರರ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕ, ಲಗ್ನಪತ್ರಿಕೆ. ಶಾಸನಗಳಿಂದ ಜನಜೀವನವನ್ನು ಬಿಡಿಸಿ ತೋರಿಸುವ ದಾರಿಯನ್ನು ಚಿದಾನಂದಮೂರ್ತಿಯವರು 1966ರ ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲೇ ಹಾಕಿಕೊಟ್ಟರು. ಹೆಸರುಗಳ ಮಟ್ಟಿಗೆ ಆ ದಾರಿಯಲ್ಲಿ ಇನ್ನೂ ನಡೆಯುವುದು ಬಹಳ ಇದೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಹಳೆಯ ಹೆಸರು ಮರಳುವುದು ನಮಗೆ ಹೊಸ ಸಂಗತಿಯೇನಲ್ಲ. ಅದು ನಮ್ಮ ಮನೆಗಳ ಕಟ್ಟಳೆಯಾಗಿತ್ತು. ಹೊಯ್ಸಳರ ವಂಶಾವಳಿ ನೋಡಿ. ಒಂದನೆಯ ನರಸಿಂಹನ ಮಗ ಎರಡನೆಯ ಬಲ್ಲಾಳ, ಅವನ ಮಗ ಎರಡನೆಯ ನರಸಿಂಹ, ಅವನ ಮಗ ಸೋಮೇಶ್ವರ, ಅವನ ಮಗ ಮೂರನೆಯ ನರಸಿಂಹ. ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರು. ಅರಮನೆಯಲ್ಲಿ ನಡೆದದ್ದೇ ಹಟ್ಟಿಯಲ್ಲೂ ನಡೆಯಿತು. ಹಿರಿಯ ಮೊಮ್ಮಗನಿಗೆ ಅಪ್ಪನ ಅಪ್ಪನ ಹೆಸರು, ಹಿರಿಯ ಮೊಮ್ಮಗಳಿಗೆ ಅಜ್ಜಿಯ ಹೆಸರು. ತೀರಿಕೊಂಡ ಮೇಲೆ ಹುಟ್ಟಿದರೆ ‘ಅಜ್ಜನೇ ಬಂದ’ ಎನ್ನುತ್ತಿದ್ದರು.

ಈ ಕಟ್ಟಳೆಗೆ ಒಂದು ತೊಡಕೂ ಇತ್ತು, ಆ ತೊಡಕೇ ಕನ್ನಡಕ್ಕೆ ಇನ್ನೊಂದು ಹೆಸರಿನ ರಾಶಿಯನ್ನು ಕೊಟ್ಟಿತು. ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ; ಗಂಡನ ಹೆಸರನ್ನೂ ಅಷ್ಟೆ, ಶುಭಕಾರ್ಯದಲ್ಲಿ ಹೆಂಗಸರೆಲ್ಲ ಪೀಡಿಸಿದಾಗ ಒಡಪಿನೊಳಗೆ ಹುದುಗಿಸಿ ಹೇಳಬೇಕು. ಈಗ ತೊಟ್ಟಿಲಲ್ಲಿರುವ ಮಗನಿಗೆ ಮಾವನದೇ ಹೆಸರು. ಕೂಗುವುದು ಹೇಗೆ? ಪುಟ್ಟ, ಅಪ್ಪಯ್ಯ, ಅಣ್ಣಯ್ಯ, ಅಪ್ಪಿ, ಮರಿ, ಗುಂಡ. ಕರೆಯುವ ಹೆಸರೇ ಕೆಲವರ ಪಾಲಿಗೆ ಗಟ್ಟಿ ಹೆಸರಾಗಿ ಉಳಿದುಬಿಟ್ಟಿತು. ಪುಟ್ಟಪ್ಪ, ಪುಟ್ಟಣ್ಣ, ಚಿಕ್ಕಮ್ಮ, ಅಣ್ಣಯ್ಯಪ್ಪ ಎಂಬ ಹೆಸರುಗಳ ಹಿಂದೆ ಹೇಳಬಾರದ ಇನ್ನೊಂದು ಹೆಸರು ಅಡಗಿರುವುದು ಅಪರೂಪವಲ್ಲ.

ಕನ್ನಡದ ಹಳೆಯ ಹೆಸರಿನಲ್ಲಿ ಸಾಮಾನ್ಯವಾಗಿ ಎರಡು ಭಾಗ: ಒಂದು ಬೇರು, ಒಂದು ನಂಟು. ಬಸವ ಎಂಬ ಬೇರಿನಿಂದ ಬಸಪ್ಪ, ಬಸಯ್ಯ, ಬಸಣ್ಣ, ಬಸವ್ವ, ಬಸಮ್ಮ, ಬಸವೇಗೌಡ. ಹತ್ತು-ಹನ್ನೊಂದನೆಯ ಶತಮಾನದ ಹೆಂಗಸರ ಹೆಸರಿನ ಕೊನೆಗೆ ‘ಅಬ್ಬೆ’ ಬರುತ್ತಿತ್ತು. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ, ಬೆಳತೂರಿನ 1057ರ ಶಾಸನದಲ್ಲಿ ಗಂಡನ ಸಾವಿನ ಸುದ್ದಿ ಕೇಳಿ ಚಿತೆಯೇರಿದ ದೇಕಬ್ಬೆ. ಮುಂದೆ ಅಬ್ಬೆ ಹೋಗಿ ಅವ್ವೆ ಬಂತು, ಅವ್ವ-ಅಮ್ಮ ಬಂತು. ಬೇರುಗಳಲ್ಲಿ ಬಹುಪಾಲು ಸಂಸ್ಕೃತ-ಪ್ರಾಕೃತದಿಂದ ಬಂದು ಕನ್ನಡದ ನಾಲಗೆಗೆ ಒಗ್ಗಿದವು. ವೃಷಭ ಬಸವನಾಯಿತು, ಬ್ರಹ್ಮ ಬೊಮ್ಮನಾದ, ಯಕ್ಷ ಜಕ್ಕನಾದ, ಸಿಂಹ ಸಿಂಗನಾಯಿತು, ಚಾಮುಂಡ ಚಾವುಂಡನಾಗಿ ಚೌಡನಾಯಿತು. ಕನ್ನಡ ಹೆಸರನ್ನು ತಂದದ್ದು ಹೊರಗಿನಿಂದಲೇ, ಆದರೆ ತೊಳೆದು ಒಗೆದು ತನ್ನದಾಗಿಸಿಕೊಂಡಿತು. ಈಗಿನ ಪದ್ಧತಿ ಇದಕ್ಕೆ ತಿರುಗುಮುರುಗು. ಸೀತೆ, ಗಂಗೆ, ಗೀತೆ ಎಂದು ಎಕಾರಕ್ಕೆ ಬರುತ್ತಿದ್ದ ಹೆಸರುಗಳು ಸೀತಾ, ಗಂಗಾ, ಗೀತಾ ಎಂದು ದೀರ್ಘಕ್ಕೆ ಮರಳಿವೆ. ಸ್ವರದಲ್ಲಿ ಮುಗಿಯುತ್ತಿದ್ದ ರಮೇಶ ವ್ಯಂಜನದಲ್ಲಿ ಕಡಿದು ರಮೇಶ್ ಆಗಿದ್ದಾನೆ.

ಆ ನಂಟಿನ ಭಾಗ ಎಲ್ಲರಿಗೂ ಸಿಗುತ್ತಿರಲಿಲ್ಲ. ಈ ಲೇಖನದ ಗಂಟು ಇರುವುದು ಇಲ್ಲೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂತು. ಅದರಲ್ಲಿ ಒಡೆಯರ ಕಡೆಯವರು ಮುಕುಂದಯ್ಯ, ಚಿನ್ನಮ್ಮ. ಆಳುಗಳ ಕಡೆಯವರು ಗುತ್ತಿ, ತಿಮ್ಮಿ, ಐತ, ಪೀಂಚಲು. ಕತೆ ಓದದವನೂ ಹೆಸರಿನ ಬಾಲ ನೋಡಿ ಯಾರು ಯಾವ ಮನೆಯವರು ಎಂದು ಹೇಳಬಲ್ಲ. ಕರಿಯಪ್ಪ ಎನ್ನುವವನು ಜಮೀನುದಾರ, ಕರಿಯ ಎನ್ನುವವನು ಅವನ ಗದ್ದೆಯಲ್ಲಿ ದುಡಿಯುವವನು; ಕರಿಯನನ್ನು ಒಡೆಯನ ಎಳೆಯ ಮಗನೂ ಏಕವಚನದಲ್ಲೇ ಕೂಗುತ್ತಿದ್ದ. ಇದರ ಬೇರು ಆಳದಲ್ಲಿದೆ. ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸುವಂತಿರಬೇಕು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ಕಟ್ಟುಮಾಡುತ್ತದೆ. ಅಂಥ ಹೆಸರು ಹೊತ್ತ ಮನೆಯ ಮಗ ಶಾಲೆಗೆ ಸೇರಿದ ದಿನ ಮೇಷ್ಟ್ರ ಲೇಖನಿಯಲ್ಲಿ ಕೃಷ್ಣಮೂರ್ತಿಯೋ ಶಿವಕುಮಾರನೋ ಆಗಿ ಹೊರಬಂದದ್ದನ್ನು ‘ಹಳೆಯ ಹೆಸರು ಮರೆತರು’ ಎಂದು ಹಲುಬುವುದು ಅನ್ಯಾಯ. ಅದು ಮರೆವಲ್ಲ, ಬಿಡುಗಡೆ.

ಮನುಷ್ಯರು ಬಿಟ್ಟ ಹೆಸರುಗಳು ಹೋದದ್ದೆಲ್ಲಿಗೆ? ಕೆಂಚ, ಕರಿಯ, ಕಾಳ ಎಂಬವು ಇಂದು ಹಳ್ಳಿಯ ಕೊಟ್ಟಿಗೆಯಲ್ಲೂ ಜಗಲಿಯ ಕೆಳಗೂ ಸಿಗುತ್ತವೆ. ಇದಕ್ಕೂ ಹಳೆಯ ಸಾಕ್ಷಿ ಇದೆ. ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ ಹಂದಿಯೊಡನೆ ಕಾದಾಡಿ ಅದನ್ನು ಕೊಂದು ತಾನೂ ಸತ್ತ ಮಣಲೇರನ ಬೇಟೆನಾಯಿಯ ಹೆಸರು ಕಾಳಿ. ಆಗ ಅದು ದೇವಿಗೂ ಹೆಣ್ಣಿಗೂ ನಾಯಿಗೂ ಸಲ್ಲುತ್ತಿದ್ದ ಹೆಸರು, ಯಾರಿಗೂ ಅವಮಾನವೆನಿಸಿದಂತೆ ಕಾಣುವುದಿಲ್ಲ.

ಬದಲಾವಣೆಯ ವೇಗವನ್ನು ಸಾರ್ವಜನಿಕರಿಗೆ ಗೊತ್ತಿರುವ ಕೆಲವು ಮನೆಗಳಲ್ಲಿ ಅಳೆಯಬಹುದು. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ, ಅಂದರೆ ಕುವೆಂಪು. ಪುಟ್ಟಪ್ಪನವರು ತಮ್ಮ ಮಕ್ಕಳಿಗಿಟ್ಟ ಹೆಸರುಗಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. 1904ರಲ್ಲಿ ಹುಟ್ಟಿದ ಪುಟ್ಟಪ್ಪನಿಗೂ 1938ರಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಗೂ ನಡುವೆ ಮೂವತ್ತನಾಲ್ಕೇ ವರ್ಷ, ಹೆಸರಿನಲ್ಲಿ ಮಾತ್ರ ಯುಗ ಕಳೆದಿದೆ. ಕವಿಯ ಮನೆ, ಹಾಗಾಗಿ ವಿಶೇಷ ಎನ್ನಬಹುದು. ಹಾಗಾದರೆ ಉತ್ತರ ಕರ್ನಾಟಕದ ಬೊಮ್ಮಾಯಿ ಮನೆತನ: ರಾಯಪ್ಪ, ಸೋಮಪ್ಪ, ಬಸವರಾಜ, ಭರತ್. ಹಾಸನದ ಕಡೆ: ದೊಡ್ಡೇಗೌಡ, ದೇವೇಗೌಡ, ಕುಮಾರಸ್ವಾಮಿ, ನಿಖಿಲ್. ಜಾತಿ ಬೇರೆ, ಸೀಮೆ ಬೇರೆ, ಇಳಿಜಾರು ಒಂದೇ. ಮೊದಲು ಅಪ್ಪ-ಗೌಡ ಹೋಗುತ್ತವೆ, ಆಮೇಲೆ ದೇವರ ತುಂಬು ಹೆಸರು ಬರುತ್ತದೆ, ಕೊನೆಗೆ ಇಡೀ ದೇಶದಲ್ಲಿ ಎಲ್ಲಿ ಬೇಕಾದರೂ ಸಲ್ಲುವ ಎರಡಕ್ಷರ-ಮೂರಕ್ಷರದ ಹೆಸರು.

ಕೆಲವು ಹೆಸರುಗಳ ಕಾರಣವೇ ಸತ್ತಿದೆ. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಸಾಯುವಾಗ ಹೊಸ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ತಿಪ್ಪ ಎಂದು ಕರೆಯುತ್ತಿದ್ದರು. ಜವರಾಯನಿಗೆ ಇದು ಬೇಡದ ಮಗು ಎನಿಸಲಿ ಎಂಬ ಹೂಟ. ತಿಪ್ಪವ್ವ, ತಿರುಕಪ್ಪ, ಕಲ್ಲಪ್ಪ, ಅಡಿವೆಪ್ಪ ಎಂಬವುಗಳಲ್ಲಿ ಹಲವು ಈ ಬಗೆಯವು. ಎಲ್ಲವೂ ಹಾಗಲ್ಲ: ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲಿನವರು ಭಕ್ತಿಯಿಂದಲೇ ತಿಪ್ಪೇಸ್ವಾಮಿ ಎಂದಿಡುತ್ತಾರೆ. ಭಾರತದಲ್ಲಿ 1971ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28. ಸಾವನ್ನು ಮೋಸಗೊಳಿಸುವ ಹೆಸರು ಈಗ ಯಾರಿಗೂ ಬೇಕಿಲ್ಲ, ಬೇಕಾಗದಿರಲಿ.

ಫಕೀರಪ್ಪನ ಕತೆ ಬೇರೆ. ಧಾರವಾಡ-ಗದಗದ ಸೀಮೆಯಲ್ಲಿ ಹಿಂದೂ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹೆಸರು ಧಾರಾಳ. ಶಿರಹಟ್ಟಿಯ ಫಕೀರೇಶ್ವರ ಮಠದಂಥ ನೆಲೆಗಳು ಅದರ ಹಿಂದಿವೆ. ಹುಸೇನಪ್ಪ ಎಂಬುದೂ ಆ ಬಗೆಯದೇ. ಇವು ಕ್ಷೀಣಿಸುತ್ತಿರುವುದಕ್ಕೆ ಅಭಿರುಚಿಯ ಹೊರಳು ಸಾಕಾಗುವ ಕಾರಣವಲ್ಲ. ಹೆಸರಿನಿಂದ ಮತವನ್ನು ಓದಿ ಖಚಿತಪಡಿಸಿಕೊಳ್ಳುವ ಕಾಲದಲ್ಲಿ ಎರಡು ಕಡೆಗೂ ಸಲ್ಲುವ ಹೆಸರು ಇಡಲು ತಾಯ್ತಂದೆ ಹಿಂಜರಿಯುತ್ತಾರೆ. ನಾನು ಕಳೆದುಕೊಳ್ಳಲು ಬಯಸದ ಹೆಸರುಗಳು ಇವೇ.

ಇನ್ನು, ಮರಳಿ ಬಂದವು. 1972ರ ‘ನಾಗರಹಾವು’ ಚಿತ್ರದ ನಾಯಕನಟ ಸಂಪತ್‌ಕುಮಾರನಿಗೆ ನಿರ್ದೇಶಕ ಪುಟ್ಟಣ್ಣ ಕಣಗಾಲರು ವಿಷ್ಣುವರ್ಧನ ಎಂದು ಹೆಸರಿಟ್ಟರು. ಹನ್ನೆರಡನೆಯ ಶತಮಾನದ ಹೊಯ್ಸಳ ದೊರೆಯ ಹೆಸರು ಹೀಗೆ ಬೆಳ್ಳಿತೆರೆಯಿಂದ ತೊಟ್ಟಿಲಿಗೆ ಇಳಿಯಿತು. ಗಮನಿಸಬೇಕಾದ್ದು, ಆ ದೊರೆಗೆ ಇನ್ನೊಂದು ಹೆಸರಿತ್ತು: ಬಿಟ್ಟಿಗ, ಬಿಟ್ಟಿದೇವ. ವಿಷ್ಣು ಎಂಬುದರ ತದ್ಭವವೇ ಬಿಟ್ಟಿ. ಆದರೆ ಕೂಲಿಯಿಲ್ಲದ ದುಡಿಮೆ ಎಂಬ ಅರ್ಥದ ‘ವಿಷ್ಟಿ’ಯೂ ಕನ್ನಡದಲ್ಲಿ ಬಿಟ್ಟಿಯಾಗಿ, ಅದೇ ಅರ್ಥ ಗೆದ್ದು, ದೊರೆಯ ಹೆಸರು ‘ಬಿಟ್ಟಿ ಸಿಕ್ಕಿತು’ ಎಂಬಲ್ಲಿಗೆ ಬಂದು ನಿಂತಿತು. ಅವನ ರಾಣಿಯ ಹೆಸರು ಶಾಂತಲಾ ಎಂದು ಹಲವು ಮನೆಗಳಲ್ಲಿ ಮರುಹುಟ್ಟು ಪಡೆಯಿತು, ಕೆ.ವಿ. ಅಯ್ಯರ್ ಅವರ ಕಾದಂಬರಿಯ ಹೆಸರೂ ಅದೇ. ಆಕೆಯ ತಾಯಿ ಮಾಚಿಕಬ್ಬೆಗೆ ಆ ಭಾಗ್ಯವಿಲ್ಲ. ಕದಂಬರ ಮಯೂರನೂ ಬಂದ, 1975ರ ಚಿತ್ರ ಅವನನ್ನು ಮನೆಮನೆಗೆ ಮುಟ್ಟಿಸಿತು. ಸಂಸ್ಕೃತದ ಮೈ ಇದ್ದ ಹೆಸರು ಜರಡಿಯಿಂದ ಕೆಳಗಿಳಿಯುತ್ತದೆ, ಕನ್ನಡದ ನಾಲಗೆ ತಿದ್ದಿದ ಹೆಸರು ಮೇಲೇ ಉಳಿಯುತ್ತದೆ.

ಇಂಚರ, ಇಬ್ಬನಿ, ಚುಕ್ಕಿ, ಸಿರಿ ಎಂದು ಮಕ್ಕಳಿಗೆ ಹೆಸರಿಡುವವರನ್ನು ಇದಕ್ಕೆ ಎದುರು ಸಾಕ್ಷಿಯಾಗಿ ತೋರಿಸುತ್ತಾರೆ. ಚೆಲುವಾದ ಹೆಸರುಗಳೇ. ಆದರೆ ಇವು ಹಳೆಯ ಮಾತಿನಿಂದ ಕಡೆದ ಹೊಸ ಹೆಸರುಗಳು, ಯಾರ ಅಜ್ಜಿಯ ಹೆಸರೂ ಇಬ್ಬನಿ ಆಗಿರಲಿಲ್ಲ. ಹದಿನೇಳನೆಯ ಶತಮಾನದ ಕವಯಿತ್ರಿ ಸಂಚಿಯ ಹೊನ್ನಮ್ಮನ ಹೆಸರು ಈ ದಾರಿಯಲ್ಲಿ ಬರಬೇಕೆಂದರೆ ಅಮ್ಮನನ್ನು ಹೊಸಿಲಾಚೆ ಬಿಟ್ಟು ಬರೀ ಹೊನ್ನಾಗಿ ಬರಬೇಕು. ಇತ್ತ ಜ್ಯೋತಿಷ್ಯದ ಅಕ್ಷರವೂ ಹಳೆಯದಕ್ಕೆ ಅಡ್ಡ. ಅಶ್ವಿನಿಯಲ್ಲಿ ಹುಟ್ಟಿದರೆ ಚು, ಚೇ, ಚೋ, ಲ. ಆರಿದ್ರೆಯ ಮೂರನೆಯ ಪಾದಕ್ಕೆ ‘ಙ’. ಙಕಾರದಲ್ಲಿ ಮೊದಲಾಗುವ ಹೆಸರನ್ನು ಕನ್ನಡ ಇಂದಿನವರೆಗೆ ಹಡೆದಿಲ್ಲ, ಪುರೋಹಿತರು ಬೇರೆ ಅಕ್ಷರ ಹುಡುಕಿಕೊಡುತ್ತಾರೆ. ಅಜ್ಜನ ಹೆಸರು ಮೊದಲೇ ಗೊತ್ತಿದ್ದಾಗ ಈ ಹುಡುಕಾಟವೇ ಇರುತ್ತಿರಲಿಲ್ಲ.

ಅಜ್ಜನ ಹೆಸರು ಮರಳುವ ಒಂದು ದಾರಿ ಮಾತ್ರ ಯಾರೂ ನೆನೆಯದ ಕಡೆಯಿಂದ ತೆರೆದಿದೆ. ಹಳೆ ಮೈಸೂರಿನವರಿಗೆ ಮನೆತನದ ಅಡ್ಡಹೆಸರಿಲ್ಲ, ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಷ್ಟೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅಡ್ಡಹೆಸರಿನ ಖಾನೆ ಬಂದಾಗ ಬಹಳ ಜನ ತಂದೆಯ ಹೆಸರನ್ನೇ ತುಂಬಿದರು. ಹಾಗೆ ಹೋಗಿ ಅಮೆರಿಕದಲ್ಲಿ ನೆಲೆಸಿದವರ ಮಗನಿಗೆ ಅಪ್ಪನ ಅಡ್ಡಹೆಸರೇ ಬರುತ್ತದೆ, ಅಂದರೆ ಅಜ್ಜನ ಹೆಸರು. ತಿಮ್ಮಪ್ಪ ಎಂಬುದು ಮಂಡ್ಯದ ತೊಟ್ಟಿಲಲ್ಲಿ ಕೇಳಿಸದಿದ್ದರೂ ಕ್ಯಾಲಿಫೋರ್ನಿಯಾದ ತರಗತಿಯಲ್ಲಿ ಹಾಜರಿ ಕೂಗುವಾಗ ಕೇಳಿಸುತ್ತದೆ. ಮನೆ ಕೈಬಿಟ್ಟ ಕಟ್ಟಳೆಯನ್ನು ಒಂದು ಅರ್ಜಿಯ ಖಾನೆ ನಡೆಸುತ್ತಿದೆ.

ಹೀಗಾಗಿ ನನ್ನ ಅಂದಾಜು ಇಷ್ಟು. ಅರಸರ, ಕವಿಗಳ, ಶರಣರ ತುಂಬು ಹೆಸರುಗಳು ಆಗಾಗ ಬರುತ್ತವೆ. ಗೌರಿ, ಮೀನಾಕ್ಷಿ, ಜಾನಕಿಯಂಥವು ಹೇಗೂ ಬಂದಾವು. ಚೌಡ, ಕೆಂಚ, ಮಾರಿ, ತಿಮ್ಮಿ ಬರುವುದಿದ್ದರೆ ಅವನ್ನು ಹೊತ್ತು ನೊಂದ ಮನೆಗಳ ಮಕ್ಕಳೇ ತರಬೇಕು. ಉಳಿದವರು ತಂದರೆ ಅದು ವೇಷ. ಅಮೆರಿಕದವರ ಮುತ್ತಜ್ಜಿಯ ಲೆಕ್ಕ ನಮಗೆ ಹಿಡಿಯದಿರುವುದು ಇದಕ್ಕೇ: ಮುದಿತನ ನೂರು ವರ್ಷಕ್ಕೆ ಮಾಸುತ್ತದೆ, ಜಾತಿ ಮಾಸಿಲ್ಲ.

ಇದು ಅಂದಾಜು ಮಾತ್ರ, ಎಣಿಕೆಯಲ್ಲ. ಎಣಿಸಲು ಬೇಕಾದ ಸಾಮಗ್ರಿ ಹಳೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಬೀರುವಿನಲ್ಲಿದೆ. ವರ್ಷ, ಮಗುವಿನ ಹೆಸರು, ತಂದೆಯ ಹೆಸರು, ಜಾತಿ ನಾಲ್ಕೂ ಒಂದೇ ಸಾಲಿನಲ್ಲಿರುವ ದಾಖಲಾತಿ ಪುಸ್ತಕಕ್ಕಿಂತ ಒಳ್ಳೆಯ ಆಕರ ನಾಮವಿಜ್ಞಾನಕ್ಕೆ ಬೇರೆ ಇಲ್ಲ. ಗೆದ್ದಲಿಗೂ ಮಳೆನೀರಿಗೂ ಅವು ಸಿಕ್ಕುವ ಮೊದಲು, ಮಕ್ಕಳ ಗುರುತು ಹೊರಗೆ ಬಾರದಂತೆ, ಹೆಸರು ಮತ್ತು ವರ್ಷವನ್ನಾದರೂ ನಕಲು ಮಾಡಿಡಿ ಎಂದು ಓದುಗರಲ್ಲಿರುವ ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ.