ದೈವಶಿಕ್ಷೆ (ಕ್ರೈಸ್ತಧರ್ಮದಲ್ಲಿ)

ಬದುಕಿನ ಕಷ್ಟನಷ್ಟಗಳಲ್ಲಿ ದೇವರು ತನ್ನನ್ನು ತಿದ್ದುತ್ತಿರುವುದನ್ನು ಕಂಡುಕೊಂಡು, ಅದನ್ನು ಕೃತಜ್ಞತೆಯಿಂದ ಸ್ವೀಕರಿಸುವ ಕ್ರೈಸ್ತ ಮನೋಧರ್ಮಕ್ಕೆ ಆಧಾರವಾದ ಪರಿಕಲ್ಪನೆ. ‘ಶಿಕ್ಷೆ’ ಎಂಬ ಸಂಸ್ಕೃತಮೂಲದ ಮಾತಿಗೆ ಕಲಿಸುವುದು ಎಂಬುದೇ ಮೂಲಾರ್ಥ. ದಂಡನೆ ಎಂಬುದು ಅನಂತರ ಸೇರಿದ್ದು. ಹೀಬ್ರೂವಿನ ‘ಮೂಸಾರ್’, ಗ್ರೀಕಿನ ‘ಪೈದೇಯಾ’ ಪದಗಳಲ್ಲಿಯೂ ಈ ಎರಡು ಅರ್ಥಗಳು ಬೆಸೆದುಕೊಂಡಿರುವುದರಿಂದ, ಕನ್ನಡ ಸತ್ಯವೇದದಲ್ಲಿ ಬಳಕೆಯಾಗಿರುವ ಈ ಪದವು ಮೂಲದ ಆಶಯಕ್ಕೆ ಸಮೀಪವಾಗಿದೆ.

ತಂದೆ ತನ್ನ ಪ್ರೀತಿಯ ಮಗನನ್ನು ತಿದ್ದುವಂತೆ ದೇವರು ಮನುಷ್ಯನನ್ನು ತಿದ್ದುತ್ತಾನೆಂಬ ಭಾವನೆ ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳ 3ನೆಯ ಅಧ್ಯಾಯದಲ್ಲಿದ್ದು, ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ ಅದನ್ನೇ ಎತ್ತಿಕೊಂಡು ವಿಸ್ತರಿಸುತ್ತದೆ. ದೇವರು ಕಳುಹಿಸುವ ಕಷ್ಟಗಳನ್ನು ತಾಳ್ಮೆಯಿಂದ ಸಹಿಸುವುದೂ ಪಾಪಪರಿಹಾರದ ಒಂದು ಬಗೆಯೆಂದು ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1551ರಲ್ಲಿ ಬೋಧಿಸಿತು. ಸುಧಾರಣಾಪಂಥದ ಜಾನ್ ಕ್ಯಾಲ್ವಿನ್ ನ್ಯಾಯಾಧೀಶನ ದಂಡನೆಯನ್ನೂ ತಂದೆಯ ತಿದ್ದುವಿಕೆಯನ್ನೂ ಬೇರ್ಪಡಿಸಿ, ವಿಶ್ವಾಸಿಗಳಿಗೆ ಸಲ್ಲುವುದು ಎರಡನೆಯದೆಂದು ವಾದಿಸಿದ.

ಕರ್ನಾಟಕದ ಕೃಷ್ಣರಾಜನಗರ ಸೀಮೆಯಲ್ಲಿ ಕಷ್ಟದ ಮೂಲಕ ತಿದ್ದುವಿಕೆಯೆಂಬ ಈ ಭಾವನೆ ಡೋರ್ನಹಳ್ಳಿಯ ಸಂತ ಅಂತೋಣಿಯವರ ಐತಿಹ್ಯದಲ್ಲಿ ಜನಪದ ರೂಪ ತಾಳಿದೆ. ಸುಮಾರು 200 ವರ್ಷಗಳ ಹಿಂದೆ ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಮರದ ಪ್ರತಿಮೆಯೊಂದು ದೊರೆಯಿತೆಂದೂ, ಅವನು ಅದನ್ನು ಬರಿಯ ಬೊಂಬೆಯೆಂದು ಬಗೆದು, ಗುಡಿ ಕಟ್ಟಿಸಬೇಕೆಂದು ಕನಸಿನಲ್ಲಿ ಬಂದ ಸೂಚನೆಯನ್ನೂ ಕಡೆಗಣಿಸಲಾಗಿ ಮನೆಗೆ ಕಷ್ಟಗಳು ಒಂದರ ಮೇಲೊಂದು ಎರಗಿದವೆಂದೂ, ಕಡೆಗೆ ಎಚ್ಚೆತ್ತು ಚಿಕ್ಕ ಗುಡಿಯೊಂದನ್ನು ಕಟ್ಟಿದನೆಂದೂ ಪ್ರತೀತಿ. ಆ ಪ್ರತಿಮೆ ಪದುವಾದ ಸಂತ ಅಂತೋಣಿಯವರದೆಂದು (1195–1231) ಅನಂತರ ಗುರುತಿಸಲಾಯಿತು. ಐತಿಹ್ಯದಲ್ಲಿ ಕಷ್ಟವು ಮುನಿಸಿನ ಗುರುತಾಗಿ ಉಳಿಯದೆ ಗುಡಿಗೆ ಕಾರಣವಾಗುವುದು ಗಮನಾರ್ಹ. ಸಂತರ ಮರಣದ ದಿನವಾದ ಜೂನ್ 13ರಂದು ಇಲ್ಲಿ ನಡೆಯುವ ಹಬ್ಬಕ್ಕೆ ಹರಕೆ ತೀರಿಸಲು ಅನ್ಯಮತದವರೂ ಬರುತ್ತಾರೆ. 2019ರಲ್ಲಿ ಈ ದೇವಾಲಯಕ್ಕೆ ಪೋಪ್ ಫ್ರಾನ್ಸಿಸ್ ಅವರಿಂದ ಕಿರಿಯ ಬೆಸಿಲಿಕಾ ಎಂಬ ಗೌರವಪದವಿ ದೊರೆಯಿತು.

ಕಷ್ಟವೆಲ್ಲವೂ ಪಾಪದ ಫಲವೆಂಬ ತೀರ್ಮಾನವನ್ನು ಮಾತ್ರ ಕ್ರೈಸ್ತ ಪರಂಪರೆ ಒಪ್ಪುವುದಿಲ್ಲ. ನಿರಪರಾಧಿಯ ಸಂಕಟವನ್ನು ನಿರೂಪಿಸುವ ಯೋಬನ ಗ್ರಂಥವನ್ನು ಆಧರಿಸಿ, ಪೋಪ್ 2ನೆಯ ಜಾನ್ ಪಾಲ್ 1984ರ ತಮ್ಮ ಪ್ರೇಷಿತ ಪತ್ರದಲ್ಲಿ ಇದನ್ನು ಸ್ಪಷ್ಟಪಡಿಸಿದರು. ಆದುದರಿಂದ ದೈವಶಿಕ್ಷೆಯೆಂಬುದು ಕಷ್ಟಕ್ಕೆ ಸಿಕ್ಕಿದವನು ತನ್ನ ಬಗ್ಗೆ ತಾನೇ ಕಂಡುಕೊಳ್ಳಬೇಕಾದ ಅರ್ಥವೇ ಹೊರತು, ನೆರೆಯವನ ಸಂಕಟಕ್ಕೆ ಹೊರಗಿನವರು ಕೊಡಬಹುದಾದ ವಿವರಣೆಯಲ್ಲ.