ಪಾಪಪ್ರಜ್ಞೆಯ ನ್ಯಾಯಪೀಠಗಳು: ರಾಸ್ಕೋಲ್ನಿಕೊವನ ನಗರವೂ ಮಂಗಳೂರ ಸೀಮೆಯೂ

1866ರಲ್ಲಿ ‘ರೂಸ್ಕಿ ವೆಸ್ತ್ನಿಕ್’ ಎಂಬ ರಷ್ಯನ್ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟಗೊಂಡ ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಕಾದಂಬರಿಯ ಮಾತು ಬಂದಾಗಲೆಲ್ಲ, ಪಾಪವನ್ನು ಅಂತಃಕರಣದ ವ್ಯಾಪಾರವೆಂದು ಬಗೆದವರು ಪಶ್ಚಿಮದವರು, ಅದನ್ನು ಹೊರಗಿನ ಮೈಲಿಗೆಯೆಂದು ಬಗೆದು ಸ್ನಾನ ದಾನ ಪ್ರಾಯಶ್ಚಿತ್ತಗಳಿಂದ ತೊಳೆದುಕೊಂಡವರು ನಾವು ಎಂಬ ವಿಭಜನೆಯೊಂದನ್ನು ವಿದ್ಯಾವಂತರ ಸಭೆಗಳಲ್ಲಿ ಸಿದ್ಧಾಂತವೆಂಬಂತೆ ಮುಂದಿಡುವುದುಂಟು. ಈ ವಿಭಜನೆ ರಷ್ಯದ ಕಾದಂಬರಿಗೂ ಸಲ್ಲದು, ನಮ್ಮ ಕಥನಪರಂಪರೆಗೂ ಸಲ್ಲದು ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದ್ಯ. ಅದಕ್ಕೆ ಬೇಕಾದ ಸಾಮಗ್ರಿಯನ್ನು ಬಹುಮಟ್ಟಿಗೆ ಮಂಗಳೂರು ಮತ್ತು ಅದರ ಸುತ್ತಣ ಸೀಮೆಯಿಂದಲೇ ಆಯ್ದುಕೊಂಡಿದ್ದೇನೆ.

ಮೊದಲು ಕಾದಂಬರಿಯ ಸಾಕ್ಷ್ಯವನ್ನೇ ನೋಡೋಣ. ಕಾನೂನಿನ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟ ರಾಸ್ಕೋಲ್ನಿಕೊವನು, ಅಸಾಧಾರಣ ಪುರುಷರಿಗೆ ರಕ್ತಪಾತದ ಅಧಿಕಾರವುಂಟೆಂದು ತಾನೇ ಲೇಖನವೊಂದರಲ್ಲಿ ಮಂಡಿಸಿದ ತರ್ಕವನ್ನು ನೆಚ್ಚಿ, ಒಡವೆ ವಸ್ತುಗಳನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತಿದ್ದ ಮುದುಕಿ ಅಲ್ಯೋನಾ ಇವಾನೊವ್ನಾಳನ್ನು ಕೊಡಲಿಯಿಂದ ಕೊಂದು, ಅಕಸ್ಮಾತ್ತಾಗಿ ಒಳಬಂದ ಅವಳ ತಂಗಿ ಲಿಝವೆತಾಳನ್ನೂ ಕೊಂದ ಕ್ಷಣದಿಂದ ಅವನ ದೇಹವೇ ಅವನಿಗೆ ವಿರೋಧಿಯಾಗಿ ನಿಲ್ಲುತ್ತದೆ. ಜ್ವರದ ಸನ್ನಿಯಲ್ಲಿ ದಿನಗಳು ಕಳೆಯುತ್ತವೆ. ಬಾಡಿಗೆ ಬಾಕಿಯ ವಿಚಾರಕ್ಕೆಂದು ಕರೆಯಿಸಿದ ಪೊಲೀಸ್ ಕಚೇರಿಯಲ್ಲಿ ಕೊಲೆಯ ಮಾತು ಕಿವಿಗೆ ಬಿದ್ದೊಡನೆ ಅವನು ಮೂರ್ಛೆಹೋಗುತ್ತಾನೆ. ದೋಚಿ ತಂದ ಹಣದ ಚೀಲವನ್ನು ಬಿಚ್ಚಿ ಎಣಿಸಲೂ ಮನಸ್ಸಾಗದೆ ಒಂದು ಕಲ್ಲಿನ ಅಡಿಯಲ್ಲಿ ಹುಗಿದು ಬರುತ್ತಾನೆ. ಮತ್ತೊಂದು ದಿನ, ಯಾರೂ ಕರೆಯದಿದ್ದರೂ, ಕೊಲೆ ನಡೆದ ಕೋಣೆಗೆ ಮರಳಿ ಹೋಗಿ ಅದರ ಬಾಗಿಲ ಗಂಟೆಯನ್ನು ಮತ್ತೆ ಮತ್ತೆ ಎಳೆದು ಕೇಳುತ್ತಾನೆ. ಇವನ್ನೆಲ್ಲ ಪಶ್ಚಾತ್ತಾಪದ ಲಕ್ಷಣಗಳೆಂದು ಓದುವುದು ವಾಡಿಕೆಯಾದರೂ ಹಾಗೆ ಓದುವುದಕ್ಕೆ ಗ್ರಂಥವೇ ಅಡ್ಡಬರುತ್ತದೆ. ಎಂಟು ವರ್ಷಗಳ ಕಠಿಣ ಶಿಕ್ಷೆ ಹೊತ್ತು ಸೈಬೀರಿಯಕ್ಕೆ ಹೋದ ಮೇಲೂ ಅವನಿಗೆ ತನ್ನ ಕೃತ್ಯದಲ್ಲಿ ಕಾಣುವುದು ವೈಫಲ್ಯವೇ ಹೊರತು ಪಾಪವಲ್ಲ. ಹಾಗಿದ್ದರೆ ಆ ಸಂಕಟದ ನಿಜಸ್ವರೂಪವೇನು? ದೂರದ ಊರಿನಿಂದ ಹಂಬಲಿಸಿ ಬಂದ ತಾಯಿಯನ್ನೂ ತಂಗಿಯನ್ನೂ ಕಂಡಾಗ ಅಪ್ಪಿಕೊಳ್ಳಲು ಅವನ ತೋಳುಗಳು ಮೇಲೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕಾದಂಬರಿಯ ಮನಶ್ಶಾಸ್ತ್ರಕ್ಕೆ ಕೀಲಿಕೈ ಈ ದೃಶ್ಯವೇ. ಮನುಷ್ಯಸಂಗದಿಂದ ತಾನು ಹರಿದು ಬಿದ್ದೆನೆಂಬ ಅರಿವು, ಕೃತ್ಯದ ಹೇಯತೆಯ ಅರಿವಿಗಿಂತ ಎಷ್ಟೋ ಮೊದಲೇ ಅವನನ್ನು ಹಿಡಿದಿರುತ್ತದೆ.

ಪರಿಹಾರವೂ ಅದಕ್ಕೆ ಅನುಗುಣವಾಗಿಯೇ ಬರುತ್ತದೆ. ಅವನು ತನ್ನ ಕೊಲೆಯನ್ನು ಮೊದಲು ಬಿಚ್ಚಿ ಹೇಳುವ ತರುಣಿ ಸೋನ್ಯಾ ಅವನಿಗೆ ಏಕಾಂತದ ಪ್ರಾರ್ಥನೆಯನ್ನಷ್ಟೇ ವಿಧಿಸುವುದಿಲ್ಲ. ನಾಲ್ಕು ದಾರಿ ಕೂಡುವಲ್ಲಿ ಮಂಡಿಯೂರಿ, ತಾನು ಕೆಡಿಸಿದ ಭೂಮಿಗೆ ಮುತ್ತಿಟ್ಟು, ತಾನು ಕೊಲೆಗಾರನೆಂದು ಎಲ್ಲರಿಗೂ ಕೇಳುವಂತೆ ನುಡಿಯೆನ್ನುತ್ತಾಳೆ. ರಾಜದ್ರೋಹದ ಆರೋಪದ ಮೇಲೆ 1849ರಲ್ಲಿ ವಧಸ್ಥಾನದವರೆಗೂ ಒಯ್ಯಲ್ಪಟ್ಟು, ಕಡೆಯ ಗಳಿಗೆಯಲ್ಲಿ ಪ್ರಾಣ ಉಳಿದು, ಓಮ್ಸ್ಕಿನ ಬಂದೀಖಾನೆಯಲ್ಲಿ ಸಾಮಾನ್ಯ ಕೈದಿಗಳ ನಡುವೆ 4 ವರ್ಷ ಕಳೆದ ಗ್ರಂಥಕರ್ತನು, ರಷ್ಯದ ರೈತಾಪಿ ಜನ ಪಾಪವನ್ನು ಹೇಗೆ ಹೊರುತ್ತಾರೆಂಬುದನ್ನು ಹತ್ತಿರದಿಂದ ಕಂಡವನು. ತಾನು ಮಾಡದ ಕೊಲೆಯನ್ನು ತನ್ನದೆಂದು ಒಪ್ಪಿಕೊಂಡು ದುಃಖವನ್ನು ಬೇಡಿ ಪಡೆಯಹೊರಡುವ ಬಣ್ಣಗಾರ ಹುಡುಗ ಮಿಕೋಲ್ಕಾನ ಪಾತ್ರ ಆ ಅನುಭವವಿಲ್ಲದೆ ಹುಟ್ಟುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ಇನ್ನು ಮಂಗಳೂರು. ಈ ಪಟ್ಟಣದಲ್ಲಿ ತಪ್ಪೊಪ್ಪಿಗೆಗೆ ಏಕಕಾಲದಲ್ಲಿ ಹಲವು ಪೀಠಗಳಿದ್ದವೆಂಬುದು ಚರಿತ್ರೆಯ ಗಣನೀಯ ಸಂಗತಿ. 1568ರಷ್ಟು ಹಿಂದೆಯೇ ಪೋರ್ಚುಗೀಸರ ಕಾಲದಲ್ಲಿ ತಲೆಯೆತ್ತಿದ ರೊಸಾರಿಯೊ ಇಗರ್ಜಿಯಲ್ಲಿಯೂ, 1680ರ ಮಿಲಾಗ್ರಿಸ್ ಇಗರ್ಜಿಯಲ್ಲಿಯೂ, ಕೊಂಕಣಿ ಮಾತಾಡುವ ಕ್ರೈಸ್ತನು ಪಾದ್ರಿಯ ಕಿವಿಯಲ್ಲಿ ಮಾತ್ರ ತನ್ನ ಪಾಪವನ್ನು ನಿವೇದಿಸುತ್ತಿದ್ದನು. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರು ಆ ಮರೆಯನ್ನೂ ತೆಗೆದು, ಪ್ರತಿಯೊಬ್ಬನೂ ತನ್ನ ಪಾಪಿತ್ವವನ್ನು ಸ್ವಂತ ಹೃದಯದಲ್ಲಿ ಮನಗಂಡು ಪರಿವರ್ತಿತನಾಗಬೇಕೆಂದು ಬೋಧಿಸಿದರು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರ ಬಾಳಿನಲ್ಲಿ, ಒಬ್ಬನ ಹೃದಯದ ನಿರ್ಣಯವು ಇಡೀ ಕುಟುಂಬದ ಬೇರ್ಪಡೆಯಾಗಿ ಪರಿಣಮಿಸಿದ ಬಗೆಯನ್ನು ಕಾಣಬಹುದು. ವಿಚಿತ್ರವೆಂದರೆ, ಇದೇ ಮಿಷನ್ನಿನ ಮುದ್ರಣಾಲಯವೇ 1886ರಲ್ಲಿ ಮ್ಯಾನರನ ‘ಪಾಡ್ದನೊಳು’ ಎಂಬ ತುಳು ಕಥನಗೀತಗಳ ಸಂಗ್ರಹವನ್ನು ಅಚ್ಚುಹಾಕಿ, ತಾನು ಯಾವ ದೈವಗಳನ್ನು ತೊರೆಯಿರೆಂದು ಸಾರುತ್ತಿದ್ದಿತೋ ಆ ದೈವಗಳ ಕಥೆಗಳನ್ನೇ ಅಳಿಯದಂತೆ ಕಾದುಕೊಟ್ಟಿತು. ಸಿವಿಲ್ ಸೇವೆಯಲ್ಲಿದ್ದ ಬರ್ನೆಲ್ ಕೂಡಿಸಿದ ಇಂಥದೇ ಸಾಮಗ್ರಿ ಅವನ ಮರಣಾನಂತರ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಹೊರಬಂದಿತು.

ಆ ಕಥೆಗಳಿಗೆ ಬರುವ ಮುನ್ನ, ಮೂಡಬಿದಿರೆ ಕಾರ್ಕಳಗಳ ಬಸದಿಗಳನ್ನು ಪೋಷಿಸಿದ ಜೈನ ದೃಷ್ಟಿಯನ್ನು ಕುರಿತು ಒಂದು ಮಾತು ಹೇಳಬೇಕು. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಜೀವಂತ ಪ್ರಾಣಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಮಾರಿಗೆ ಬಲಿಗೊಡುತ್ತಾನೆ, ಕಡಿದೊಡನೆ ಅದು ಕೂಗುತ್ತದೆ, ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ಹಲವು ಪ್ರಾಣಿಜನ್ಮಗಳಲ್ಲಿ ಕೊಲ್ಲುತ್ತಲೂ ಕೊಲ್ಲಿಸಿಕೊಳ್ಳುತ್ತಲೂ ತೊಳಲುತ್ತಾರೆ. ರಕ್ತವೇ ಹರಿಯದಿದ್ದ ಕೃತ್ಯವೊಂದನ್ನು ಕೊಲೆಯೆಂದು ಎಣಿಸಿದ ಕವಿಯ ನಾಡಿನಲ್ಲಿ ಪಾಪವು ಹೊರಗಿನ ಮೈಲಿಗೆ ಮಾತ್ರವಾಗಿತ್ತೆಂದು ಹೇಳುವುದು ಹೇಗೆ? ಕೊಡಲಿ ಎತ್ತುವ ಮೊದಲೇ, ತನ್ನ ಲೇಖನದಲ್ಲಿ, ರಾಸ್ಕೋಲ್ನಿಕೊವನು ಕೊಂದಾಗಿತ್ತೆಂದು ಜನ್ನನಾದರೆ ನಿಸ್ಸಂದೇಹವಾಗಿ ತೀರ್ಪುಕೊಡುತ್ತಿದ್ದನು.

ಮಂಗಳೂರ ಸೀಮೆಯ ಜನಸಾಮಾನ್ಯರ ಪಾಪಪ್ರಜ್ಞೆಗೆ ಎಲ್ಲಕ್ಕಿಂತ ಆಳವಾದ ಆಕರ ದೈವಾರಾಧನೆಯೇ. ಇಲ್ಲಿ ಮನೆಯಲ್ಲಿ ಕಾಯಿಲೆ ಕಸಾಲೆ ಬಿಡದಿದ್ದರೆ, ಮಕ್ಕಳ ಮದುವೆ ತಪ್ಪುತ್ತಿದ್ದರೆ, ಹಿರಿಯರು ಜೋಯಿಸರಲ್ಲಿ ಪ್ರಶ್ನೆ ಇಡುತ್ತಾರೆ. ಎಂದೋ ಕೊಟ್ಟು ನಡೆಸದ ಮಾತು, ನುಂಗಿದ ಭೂಮಿ, ಅನ್ನವಿಕ್ಕದೆ ಅಟ್ಟಿದ ಹೆಂಗಸು ಯಾವುದೋ ತಲೆಮಾರಿನಿಂದ ಎದ್ದುಬರುತ್ತದೆ. ಕುಟುಂಬದವರೆಲ್ಲ ತರವಾಡು ಮನೆಯಲ್ಲಿ ಕೂಡಿ, ದೈವದ ಮುಂದೆ ಕೈಮುಗಿದು, ತಪ್ಪುಕಾಣಿಕೆ ಹಾಕಿ, ಪಾತ್ರಿಯ ಬಾಯಿಂದ ಅಭಯದ ನುಡಿ ಕೇಳಿ ಹಿಂದಿರುಗುತ್ತಾರೆ. ಸಾಲದ ಜಗಳವೂ ಕಳವಿನ ಸಂಶಯವೂ ಧರ್ಮಸ್ಥಳದ ಮಂಜುನಾಥನ ಆಣೆಗೆ, ಕಾಸರಗೋಡು ಸೀಮೆಯ ಕಾನತ್ತೂರಿನ ನಾಲ್ವರ್ ದೈವಗಳ ಸನ್ನಿಧಿಗೆ ಹೋಗುವುದು ಇಂದಿಗೂ ನಿಂತಿಲ್ಲ. ಅಲ್ಲಿಗೆ ಕರೆ ಬರುವ ಮುನ್ನವೇ ತಪ್ಪಿತಸ್ಥನು ರಾಜಿಗೆ ಬರುವುದೂ ಉಂಟು. ಪೊರ್ಫಿರಿ ಪೆಟ್ರೋವಿಚ್ ಎಂಬ ತನಿಖಾಧಿಕಾರಿಯು ರಾಸ್ಕೋಲ್ನಿಕೊವನನ್ನು ಬಂಧಿಸದೆ, ದೀಪದ ಸುತ್ತ ಸುಳಿಯುವ ಪತಂಗದಂತೆ ತಾನಾಗಿಯೇ ಬಂದು ಬೀಳಲೆಂದು ಕಾಯುವ ಉಪಾಯದ ಮನಶ್ಶಾಸ್ತ್ರ ಇದಕ್ಕಿಂತ ಬೇರೆಯೇನೂ ಅಲ್ಲ.

ಕಲ್ಕುಡ–ಕಲ್ಲುರ್ಟಿಯರ ಪಾಡ್ದನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಗಮನಿಸತಕ್ಕದ್ದು. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿಯು ಮತ್ತೆಲ್ಲಿಯೂ ಅಂಥದನ್ನು ಕಡೆಯಬಾರದೆಂದು ಭೈರರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸುತ್ತಾನೆ. ಆದರೂ ಅವನು ಉಳಿದ ಒಂದೇ ಕೈಯಿಂದ ವೇಣೂರಿನ ಮೂರ್ತಿಯನ್ನು ನಿಲ್ಲಿಸುತ್ತಾನೆ. ಅಣ್ಣನ ಅಂಗಭಂಗವನ್ನು ಕಂಡು ಕೆರಳಿದ ತಂಗಿಯೊಡನೆ ಮಾಯವಾಗಿ, ದೈವವಾಗಿ, ಅರಮನೆಯನ್ನು ಕಾಡುತ್ತಾನೆ. ಕಾರ್ಕಳದ ಮೂರ್ತಿಯ ಪ್ರತಿಷ್ಠೆ 1432ರಲ್ಲಿ, ವೇಣೂರಿನದು 1604ರಲ್ಲಿ. ಒಬ್ಬನೇ ಶಿಲ್ಪಿ ಎರಡನ್ನೂ ಮಾಡಿರಲಾರನೆಂದು ಲೆಕ್ಕಹಾಕಿ ಕಥೆಯನ್ನು ತಳ್ಳಿಹಾಕುವ ಇತಿಹಾಸಕಾರರು ಅದರ ಸತ್ಯವನ್ನು ತಪ್ಪಿದ ಕಡೆ ಹುಡುಕುತ್ತಿದ್ದಾರೆ. ಅರಸನ ಮನಸ್ಸಿನಲ್ಲಿ ಏನಾಯಿತೆಂದು ಪಾಡ್ದನವು ಬಾಯಿಬಿಟ್ಟು ಹೇಳುವುದಿಲ್ಲ. ಅವನು ನೆಮ್ಮದಿಯಿಂದ ಉಣ್ಣಲಾರ, ಮಲಗಲಾರ, ತನ್ನ ಅರಮನೆಯಲ್ಲಿಯೇ ತಾನು ಅನ್ಯನಾಗುತ್ತಾನೆ ಎಂಬಷ್ಟನ್ನು ಅದರ ಘಟನೆಗಳೇ ಕಾಣಿಸುತ್ತವೆ.

ಪಾಡ್ದನದಿಂದ ಕನ್ನಡ ಕಾದಂಬರಿಗೆ ಬಂದರೆ, 1899ರಲ್ಲಿ ಅದೇ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಟ, ಪೊಲೀಸ್ ಅಧಿಕಾರಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಸಮಾಜದ ಕಪಟವನ್ನು ಬಯಲಿಗೆಳೆಯುವುದರಲ್ಲಿ ಎಷ್ಟು ಧೀರವೋ ಅಪರಾಧಿಯ ಒಳಮನಸ್ಸಿಗೆ ಇಳಿಯುವುದರಲ್ಲಿ ಅಷ್ಟು ಆಸಕ್ತವಲ್ಲ. ಕನ್ನಡ ಕಾದಂಬರಿಯಲ್ಲಿ ಆ ಇಳಿಯುವಿಕೆ ಪೂರ್ಣವಾದುದು, ಘಟ್ಟದ ಮೇಲಣ ತೀರ್ಥಹಳ್ಳಿಯ ಪರಿಸರದಿಂದ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ, 1965ರಲ್ಲಿ. ತಮಗೆ ನಿಷಿದ್ಧಳಾದ ಚಂದ್ರಿಯನ್ನು ಕೂಡಿದ ಮೇಲೆ, ಹೆಂಡತಿಯ ಶವವನ್ನು ಸುಟ್ಟು, ಅಗ್ರಹಾರವನ್ನು ಬಿಟ್ಟು ನಡೆದ ಅದರ ನಾಯಕ ಪ್ರಾಣೇಶಾಚಾರ್ಯರು ಮೇಳಿಗೆಯ ಜಾತ್ರೆಯಲ್ಲಿ ಸೂತಕದಲ್ಲಿಯೇ ದೇವಸ್ಥಾನದ ಪಂಕ್ತಿಯಲ್ಲಿ ಕೂತು, ಯಾರಾದರೂ ಗುರುತು ಹಿಡಿದಾರೆಂಬ ದಿಗಿಲಿನಲ್ಲಿ ತತ್ತರಿಸುತ್ತಾರೆ. ಎತ್ತಲಾರದ ತೋಳುಗಳ ರಾಸ್ಕೋಲ್ನಿಕೊವನೂ ಪಂಕ್ತಿಯಲ್ಲಿ ನಿರಾಳವಾಗಿ ಕೂರಲಾರದ ಆಚಾರ್ಯರೂ ಒಂದೇ ವ್ಯಾಧಿಯಿಂದ ಪೀಡಿತರು. ಸಹಭೋಜನದ ಸಾಲಿನಲ್ಲಿಯೇ ಆ ವ್ಯಾಧಿಯನ್ನು ಕಂಡುಹಿಡಿದುದು ಕನ್ನಡ ಲೇಖಕನ ಪ್ರತಿಭೆ.

ಆದರೂ ಒಂದು ಭೇದವನ್ನು ಮುಚ್ಚಿಡಲಾಗದು. ಪೀಟರ್ಸ್‌ಬರ್ಗಿನ ಸಂತೆಚೌಕದಲ್ಲಿ ರಾಸ್ಕೋಲ್ನಿಕೊವನು ನಿಜವಾಗಿಯೂ ಮಂಡಿಯೂರಿದಾಗ ಸುತ್ತಲ ಜನ ಕುಡುಕನೆಂದು ನಗುತ್ತಾರೆ, ನುಡಿಯಬೇಕಾದ ಮಾತು ನಾಲಗೆಯಲ್ಲಿಯೇ ಸಾಯುತ್ತದೆ. ಒಪ್ಪಿಗೆಯನ್ನು ಸ್ವೀಕರಿಸಲು ಅಲ್ಲಿ ಉಳಿದದ್ದು ಪೊಲೀಸ್ ಕಚೇರಿಯೊಂದೇ. ತುಳುನಾಡಿನಲ್ಲಿ ಸ್ವೀಕರಿಸುವ ಸಭೆಯಿತ್ತು, ಮಧ್ಯಸ್ಥರಿದ್ದರು. ಆದರೆ ಆ ಸಭೆಯ ಯಜಮಾನಿಕೆ ಗುತ್ತು ಬೀಡುಗಳೆಂಬ ಭೂಮಾಲಿಕ ಮನೆತನಗಳ ಕೈಯಲ್ಲಿದ್ದುದರಿಂದ, ಬಗ್ಗಬೇಕಾದವರು ಎಷ್ಟೋ ವೇಳೆ ಬಗ್ಗಲೇ ಇಲ್ಲವೆಂಬುದನ್ನೂ ಹೇಳಬೇಕು. ಅದಕ್ಕಿಂತ ಮಹತ್ತರವಾದ ಭೇದ ಮತ್ತೊಂದುಂಟು. ರಷ್ಯದ ಕಾದಂಬರಿಯಲ್ಲಿ ಮಾತೆಲ್ಲ ಕೊಂದವನದು; ಸತ್ತ ಮುದುಕಿ ಅವನ ಕನಸಿನಲ್ಲಿ ಸದ್ದಿಲ್ಲದೆ ನಗುತ್ತಾಳೆ, ಲಿಝವೆತಾಳಂತೂ ತನಗೆ ನೆನಪಾಗುವುದೇ ಅಪರೂಪವೆಂದು ಅವನೇ ಬೆರಗಾಗುತ್ತಾನೆ. ದೈವಕ್ಕೆ ನಡೆಸುವ ಕೋಲದ ಅಂಗಳದಲ್ಲಿ ಹಾಗಲ್ಲ: ಸಮಾಜ ದೂರವಿಟ್ಟ ಜಾತಿಯೊಂದರಲ್ಲಿ ಹುಟ್ಟಿದ ಪಾತ್ರಿಯು ಮುಖಕ್ಕೆ ಅರದಾಳ ಬಳಿದು, ಗಗ್ಗರ ಕಟ್ಟಿ, ಕೈಕಾಲು ಕಡಿಸಿಕೊಂಡವನ ಕಥೆಯನ್ನು ನಾನೆಂದೇ ನುಡಿಯುತ್ತಾನೆ, ಮತ್ತು ಅದನ್ನು ಗುತ್ತಿನ ಯಜಮಾನನು ಎದುರಿನಲ್ಲಿ ಕೈಜೋಡಿಸಿ ನಿಂತು ಕೇಳಬೇಕಾಗುತ್ತದೆ.