ಸೂಜಿಯ ಸಹಬಳಕೆ: ಒಂದು ಐತಿಹಾಸಿಕ ವಿಚಾರ

ಹಳೆಯ ಮೈಸೂರು ಸೀಮೆಯ ಗ್ರಾಮಾಂತರ ಔಷಧಾಲಯಗಳಲ್ಲಿ ಗಾಜಿನ ಒಂದೇ ಸಿರಿಂಜಿನಿಂದ ಹತ್ತಾರು ಮಂದಿಗೆ ಸೂಜಿಮದ್ದು ಕೊಡುತ್ತಿದ್ದುದನ್ನು ಚಾಮರಾಜನಗರ, ಗುಂಡ್ಲುಪೇಟೆಗಳ ನಡುವಣ ಉಡಿಗಾಲದಂತಹ ಊರುಗಳ ಹಿರಿಯರು ಬಲ್ಲರು. ಒಂದು ತೋಳಿಗೂ ಮತ್ತೊಂದು ತೋಳಿಗೂ ನಡುವೆ ರಕ್ಷೆಯಾಗಿ ನಿಂತಿದ್ದುದು ಕುದಿಯುವ ನೀರು. ಆದುದರಿಂದ ಸಲಕರಣೆಯ ಸಹಬಳಕೆಯೆಂಬುದು ಮೂಲತಃ ದುರಾಚಾರವಲ್ಲ. ಅದು ವೈದ್ಯದ ನಿತ್ಯಕ್ರಮವೇ ಆಗಿತ್ತು. ಕುದಿಸುವ ಅವಕಾಶವೂ ವ್ಯವಧಾನವೂ ಇಲ್ಲದೆಡೆಯಲ್ಲಿ ಮಾತ್ರ ಅದು ಮಾರಕವಾಯಿತು. ಮಾದಕ ದ್ರವ್ಯಗಳನ್ನು ಚುಚ್ಚಿಕೊಳ್ಳುವವರಲ್ಲಿ ಈ ಪದ್ಧತಿ ಕಾಲದಿಂದ ಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಚರ್ಮದಡಿಗೆ ಮದ್ದು ಸೇರಿಸುವ ಸಿರಿಂಜನ್ನು 1853ರಲ್ಲಿ ಎಡಿನ್‌ಬರೋ ನಗರದ ವೈದ್ಯ ಅಲೆಕ್ಸಾಂಡರ್ ವುಡ್ ಬಳಕೆಗೆ ತಂದನು. ನೋವಿನ ಶಮನಕ್ಕಾಗಿ ಹುಟ್ಟಿದ ಈ ಉಪಕರಣ ಬೇಗನೆ ವ್ಯಸನದ ಉಪಕರಣವೂ ಆಯಿತು. ಸಹಬಳಕೆಯ ಅಪಾಯವು ಎಚ್.ಐ.ವಿ.ಯೊಡನೆ ಮೊದಲಾಯಿತೆಂದು ಭಾವಿಸುವುದು ಸರಿಯಲ್ಲ. 1930ರ ದಶಕದಲ್ಲಿಯೇ ನ್ಯೂಯಾರ್ಕಿನ ಹೆರಾಯಿನ್ ವ್ಯಸನಿಗಳಲ್ಲಿ ಮಲೇರಿಯಾ ಹರಡಿ ಅನೇಕರು ಮಡಿದರು. ಅಲ್ಲಿ ರೋಗವನ್ನು ಒಯ್ದುದು ಸೊಳ್ಳೆಯಲ್ಲ, ಕೈಯಿಂದ ಕೈಗೆ ಸಾಗಿದ ಸೂಜಿ.

ಸಹಬಳಕೆಗೆ ಕಾರಣವು ವ್ಯಸನಿಯ ಸ್ವಭಾವವೋ ಅವನ ಸನ್ನಿವೇಶವೋ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರ ಅದೇ ಎಡಿನ್‌ಬರೋದಲ್ಲಿ ದೊರೆಯುತ್ತದೆ. 1980ರ ದಶಕದ ಆರಂಭದಲ್ಲಿ ಪೊಲೀಸರ ಒತ್ತಡದಿಂದ ಅಲ್ಲಿಯ ಔಷಧಿ ಅಂಗಡಿಗಳಲ್ಲಿ ಸಿರಿಂಜಿನ ಮಾರಾಟ ನಿಂತುಹೋಯಿತು. ಚುಚ್ಚಿಕೊಳ್ಳುವುದು ನಿಲ್ಲಲಿಲ್ಲ, ಇದ್ದ ಸಿರಿಂಜನ್ನೇ ಹಲವರು ಬಳಸಿದರು. 1986ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಅಲ್ಲಿಯ 164 ಮಂದಿ ಹೆರಾಯಿನ್ ಬಳಕೆದಾರರ ಪೈಕಿ ಶೇಕಡಾ 51ರಷ್ಟು ಮಂದಿಗೆ ಎಚ್.ಐ.ವಿ. ಸೋಂಕು ತಗುಲಿದ್ದುದು ಕಂಡುಬಂದಿತು. ಇದಕ್ಕೆ ಪ್ರತಿಯಾಗಿ ಆಮ್‌ಸ್ಟರ್‌ಡಾಮಿನಲ್ಲಿ 1984ರಲ್ಲಿ ಬಳಕೆದಾರರ ಸಂಘವೇ ಹೆಪಟೈಟಿಸ್-ಬಿ ರೋಗದ ಭಯದಿಂದ ಹಳೆಯ ಸೂಜಿಗೆ ಹೊಸ ಸೂಜಿಯನ್ನು ಕೊಡುವ ಕ್ರಮವನ್ನು ಆರಂಭಿಸಿತು.

ಭಾರತದಲ್ಲಿಯೂ ಇದೇ ಪಾಠ ಮರುಕಳಿಸಿತು. ಮಾದಕ ವಸ್ತುಗಳ ಅಧಿನಿಯಮವು 1985ರಲ್ಲಿ ಜಾರಿಗೆ ಬಂದು, ಸೇವನೆಯನ್ನೂ ದಂಡನೀಯ ಅಪರಾಧವನ್ನಾಗಿ ಮಾಡಿತು. ಬರ್ಮಾದ ಗಡಿಗೆ ಹೊಂದಿದ ಮಣಿಪುರದಲ್ಲಿ ಹೆರಾಯಿನ್ ಸುಲಭವಾಗಿಯೂ ಸಿರಿಂಜು ದುರ್ಲಭವಾಗಿಯೂ ಇದ್ದಿತು. ಹನಿಮದ್ದಿನ ನಳಿಗೆಗೆ ಸೂಜಿ ಸಿಕ್ಕಿಸಿ, ಅದನ್ನೇ ಹಲವರು ಬಳಸುತ್ತಿದ್ದರು. 1989ರ ಉತ್ತರಾರ್ಧದವರೆಗೆ ಅವರಲ್ಲಿ ಕಾಣದಿದ್ದ ಎಚ್.ಐ.ವಿ. 1990ರಲ್ಲಿ ಕೆಲವೇ ತಿಂಗಳುಗಳೊಳಗೆ ಪರೀಕ್ಷಿತರ ಸುಮಾರು ಅರ್ಧದಷ್ಟು ಮಂದಿಯನ್ನು ವ್ಯಾಪಿಸಿತು. ಮಣಿಪುರ ಸರಕಾರವು 1996ರಲ್ಲಿ ತನ್ನ ಏಡ್ಸ್ ನೀತಿಯಲ್ಲಿ ಹಾನಿ ತಗ್ಗಿಸುವ ಕ್ರಮಗಳನ್ನು ಅಂಗೀಕರಿಸಿತು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಘಟ್ಟದಲ್ಲಿ ಶುದ್ಧ ಸೂಜಿಯ ವಿತರಣೆ ದೇಶದಲ್ಲಿ ವಿಸ್ತರಿಸಿತು.

ಕರ್ನಾಟಕದ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಇಲ್ಲಿ ಎಚ್.ಐ.ವಿ. ಪ್ರಧಾನವಾಗಿ ಲೈಂಗಿಕ ಸಂಪರ್ಕದಿಂದಲೇ ಹಬ್ಬಿತು. 2003ರಲ್ಲಿ ಆರಂಭವಾದ ‘ಅವಾಹನ್’ ಯೋಜನೆಯ ಲಕ್ಷ್ಯವು ಮಣಿಪುರ, ನಾಗಾಲ್ಯಾಂಡ್‌ಗಳಲ್ಲಿ ಚುಚ್ಚಿಕೊಳ್ಳುವವರ ಕಡೆಗಿದ್ದರೆ, ಕರ್ನಾಟಕದಲ್ಲಿ ಮುಖ್ಯವಾಗಿ ಲೈಂಗಿಕ ವೃತ್ತಿಯವರ ಕಡೆಗಿದ್ದಿತು. ಆದರೆ ಈ ಭಿನ್ನತೆಯನ್ನು ಶಾಶ್ವತ ರಕ್ಷೆಯೆಂದು ತಿಳಿಯಲಾಗದು. ದೇಶದಲ್ಲಿ ಸುಮಾರು 8.5 ಲಕ್ಷ ಮಂದಿ ಚುಚ್ಚಿಕೊಳ್ಳುವವರಿರುವರೆಂದು 2019ರ ರಾಷ್ಟ್ರೀಯ ಸಮೀಕ್ಷಾ ವರದಿ ಅಂದಾಜು ಮಾಡಿತು. ಅವರು ಬಳಸುವುದು ಹೆರಾಯಿನ್ ಒಂದನ್ನೇ ಅಲ್ಲ. ಔಷಧಿ ಅಂಗಡಿಯ ನೋವುಶಾಮಕಗಳನ್ನೂ ಕೂಡ. ಇವುಗಳಿಗೆ ಗಡಿನಾಡಿನ ನಂಟು ಬೇಕಿಲ್ಲ. ಕಾವಲು ಸಮೀಕ್ಷೆಗಳಲ್ಲಿ ಇಂತಹವರ ಸೋಂಕಿನ ಪ್ರಮಾಣವು 2017ರಲ್ಲಿ ಶೇಕಡಾ 6.26 ಇದ್ದುದು 2021ರಲ್ಲಿ ಶೇಕಡಾ 9.03ಕ್ಕೆ ಏರಿದುದು ಗಮನಾರ್ಹ.

ಸಹಬಳಕೆಯ ರೂಪವೂ ಬದಲಾಗಿದೆ. ಶುದ್ಧ ಸೂಜಿ ದೊರೆತಲ್ಲಿ ಅಪರಿಚಿತರೊಡನೆ ಸೂಜಿ ಹಂಚಿಕೊಳ್ಳುವುದು ಮೊದಲು ಕಡಿಮೆಯಾಗುತ್ತದೆ. ಗೆಳೆಯರಲ್ಲಿ, ದಂಪತಿಗಳಲ್ಲಿ ಅದು ಉಳಿಯುತ್ತದೆ. ಅಲ್ಲಿ ಸೂಜಿಯನ್ನು ನಿರಾಕರಿಸುವುದೆಂದರೆ ವಿಶ್ವಾಸವನ್ನೇ ನಿರಾಕರಿಸಿದಂತೆ. ಸೂಜಿ ಬೇರೆಯಾದರೂ ಮದ್ದು ಕರಗಿಸುವ ಬಟ್ಟಲು, ಸೋಸುವ ಹತ್ತಿ, ತೊಳೆಯುವ ನೀರು ಒಂದೇ ಆಗಿರುತ್ತವೆ. ಹೆಪಟೈಟಿಸ್-ಸಿ ರೋಗಾಣು ಇವುಗಳ ಮೂಲಕವೂ ಸಾಗಬಲ್ಲದು.

ಹೀಗೆ ಈ ಇತಿಹಾಸವು ಬಹುಮಟ್ಟಿಗೆ ಸೂಜಿಯ ಲಭ್ಯತೆಯ ಮತ್ತು ಭಯದ ಇತಿಹಾಸವಾಗಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು ಅಪಾಯ ತಗ್ಗಿಸುವ ಕ್ರಮಗಳಿಗೆ ಕಾನೂನಿನ ರಕ್ಷೆಯನ್ನು ಕೊಟ್ಟಿದೆ. ಆದರೆ ಸೇವನೆಯನ್ನು ದಂಡಿಸುವ 1985ರ ವಿಧಿಯೂ ಅದರ ಪಕ್ಕದಲ್ಲಿಯೇ ಇದೆ. ಹಳ್ಳಿಯ ಔಷಧಾಲಯದಲ್ಲಿ ಒಂದೇ ಸಿರಿಂಜು ಹಲವರನ್ನು ಕಾಪಾಡಿದುದು ನೀರು ಕುದಿಯುವ ತನಕ ಕಾಯಲು ಅಲ್ಲಿ ಯಾರೂ ಅಂಜಬೇಕಾಗಿರಲಿಲ್ಲವಾದುದರಿಂದ. ಅಡಗಿ ಚುಚ್ಚಿಕೊಳ್ಳುವವನಿಗೆ ಇಲ್ಲದಿರುವುದು ಆ ವ್ಯವಧಾನವೇ.